ಫೋಟೋ ನೋಡದೆ ಕೊಟ್ಟ ಫೋಟೋಗ್ರಾಫರ್ ಸರ್ಟಿಫಿಕೇಟ್

ಮಾನ್ಯ ಸಂಪಾದಕರೇ,

ಸರ್ಟಿಫಿಕೇಟ್ ಇದ್ದರೆ ಕಸುಬುದಾರರಿಗೆ ಸಾಲ, ಕೆಲಸ ಎರಡೂ ಸುಲಭ ಅಂತ ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ನನ್ನ ಹತ್ತಿರವೂ ಅಂಥದ್ದೊಂದು ಇದೆ. ಸ್ಟುಡಿಯೋ ಕೌಂಟರ್ ಹಿಂದೆ, ಲಕ್ಷ್ಮಿ ಫೋಟೋ ಪಕ್ಕದಲ್ಲಿ ಫ್ರೇಮ್ ಹಾಕಿ ನೇತುಹಾಕಿದ್ದೇನೆ. ಫ್ರೇಮ್ ಹಾಕಿದ್ದು ನಾನೇ, ಅದೂ ನಮ್ಮ ಕಸುಬೇ ಅಲ್ವಾ. ಆದರೆ ಆ ಸರ್ಟಿಫಿಕೇಟ್ ಕೊಟ್ಟವರು ನಾನು ತೆಗೆದ ಒಂದೇ ಒಂದು ಫೋಟೋವನ್ನೂ ನೋಡಿಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಕೆಲಸ ಕಲಿತಿದ್ದು ಫಿಲಂ ರೋಲ್ ಕಾಲದ ಕೊನೆಯಲ್ಲಿ, ಒಬ್ಬ ಹಿರಿಯರ ಸ್ಟುಡಿಯೋದಲ್ಲಿ, ಫಿಲಂ ತೊಳೆಯುವ ಹೈಪೋ ದ್ರಾವಣದ ವಾಸನೆ ಕುಡಿದುಕೊಂಡು. ನಮ್ಮಂಥ ಅನುಭವಸ್ಥರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ಅನ್ನೋ ವ್ಯವಸ್ಥೆ ಇದೆಯಲ್ಲ, ಉದ್ದೇಶ ಒಳ್ಳೆಯದೇ. ಶಾಲೆ ಅರ್ಧಕ್ಕೆ ಬಿಟ್ಟವನ ಕೈಯಲ್ಲೂ ವಿದ್ಯೆ ಇರುತ್ತದೆ, ಅದಕ್ಕೊಂದು ಕಾಗದ ಬೇಕು, ಅಷ್ಟೇ. ಪರೀಕ್ಷೆ ನಡೆಸಿದ ಕೇಂದ್ರದ ಹೆಸರು ಬೇಡ. ಅವರು ನಮ್ಮನ್ನು ಕರೆದಿದ್ದು ವೈಶಾಖದಲ್ಲಿ, ಅದೂ ಮುಹೂರ್ತ ಇದ್ದ ದಿನ. ಹೆಸರು ಕೊಟ್ಟವರಲ್ಲಿ ಅರ್ಧ ಜನ ಬರಲೇ ಇಲ್ಲ, ಕಲ್ಯಾಣ ಮಂಟಪ ಬಿಟ್ಟು ಯಾರು ಬರುತ್ತಾರೆ? ಬಂದವರಿಗೆ ಟೀ ಶರ್ಟು, ಟೋಪಿ, ಒಂದು ಗ್ರೂಪ್ ಫೋಟೋ. ಅಷ್ಟು ಜನ ಫೋಟೋಗ್ರಾಫರ್‌ಗಳ ಗ್ರೂಪ್ ಫೋಟೋವನ್ನು ಅಲ್ಲಿನ ಹುಡುಗನೊಬ್ಬ ಮೊಬೈಲಲ್ಲಿ ತೆಗೆದ, ಕಿಟಕಿಯ ಬೆಳಕಿಗೆ ಎದುರಾಗಿ. ನಮ್ಮ ಮುಖವೆಲ್ಲ ಕಪ್ಪು.

ಆಮೇಲೆ ಟ್ಯಾಬ್ ಕೊಟ್ಟರು. ಪ್ರಶ್ನೆ ಇಂಗ್ಲಿಷಿನಲ್ಲಿ, ಬೇಡ ಅಂದರೆ ಹಿಂದಿಯಲ್ಲಿ. ನನ್ನ ಪಕ್ಕ ಕೂತಿದ್ದವರು ನನಗಿಂತ ಹದಿನೈದು ವರ್ಷ ದೊಡ್ಡವರು, ನಮ್ಮ ಕಡೆ ಅರ್ಧ ಊರಿನ ಮದುವೆ ಆಲ್ಬಂ ಅವರ ಕೈಯದ್ದೇ. ಮೆಲ್ಲಗೆ ಕೇಳಿದರು, "ಏನಪ್ಪಾ ಕೇಳ್ತಾ ಇದಾರೆ ಇದ್ರಲ್ಲಿ?" ಡೆಪ್ತ್ ಆಫ್ ಫೀಲ್ಡ್ ಬಗ್ಗೆ ಇತ್ತು. "ಅಣ್ಣಾ, ಹಿಂದಿನ ಸಾಲಲ್ಲಿ ನಿಂತಿರೋರೂ ಶಾರ್ಪಾಗಿ ಬರಬೇಕು ಅಂದ್ರೆ ಏನ್ ಮಾಡ್ತೀರಿ ಅಂತ." "ಅಪರ್ಚರ್ ಕಿರಿದು ಮಾಡಿ ಎಂಟಕ್ಕೋ ಹನ್ನೊಂದಕ್ಕೋ ಇಡ್ತೀನಿ, ಅದನ್ನೂ ಕೇಳ್ತಾರಾ?" ಅಷ್ಟರಲ್ಲಿ ಮಾತಾಡಬೇಡಿ ಅಂತ ಗದರಿದರು. ಅಣ್ಣ ಏನೋ ಒಂದನ್ನು ಒತ್ತಿದರು. ನಾನು ಪಾಸು, ಅವರು ಫೇಲು. ಕ್ಯಾಮೆರಾ ಕೈಗೆ ಕೊಟ್ಟಿದ್ದರೆ ಫಲಿತಾಂಶ ಉಲ್ಟಾ ಆಗುತ್ತಿತ್ತು ಅನ್ನೋದು ನನಗೆ ಗೊತ್ತು.

ಇನ್ನೊಂದು ಪರೀಕ್ಷೆಯ ಕಥೆಯನ್ನೂ ಹೇಳಬೇಕು, ಯಾಕಂದರೆ ಅದು ಇದಕ್ಕೆ ಪೂರ್ತಿ ಎದುರು. ಬ್ರಿಟನ್ನಿನಲ್ಲಿ 1853ರಲ್ಲಿ ಶುರುವಾದ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಅಂತ ಇದೆ. ಎಲ್ಆರ್‌ಪಿಎಸ್, ಎಆರ್‌ಪಿಎಸ್, ಎಫ್ಆರ್‌ಪಿಎಸ್ ಅಂತ ಅವರು ಕೊಡುವ ಮನ್ನಣೆಗೆ ಮೂರು ಮೆಟ್ಟಿಲು: ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೋ. ಹವ್ಯಾಸಿಗಳು, ವೃತ್ತಿಯವರು ಅನ್ನೋ ಭೇದ ಇಲ್ಲ. ಬೆಂಗಳೂರಿನ ಹಳೇ ವನ್ಯಜೀವಿ ಫೋಟೋಗ್ರಾಫರ್‌ಗಳ ಹೆಸರಿನ ಮುಂದೆ ಈ ಅಕ್ಷರಗಳನ್ನು ನೀವು ನೋಡಿರುತ್ತೀರಿ. ಮೊದಲ ಮೆಟ್ಟಿಲಿಗೆ ಹತ್ತು ಫೋಟೋ ಕೊಡಬೇಕು. ಬರೀ ಹತ್ತು! ಮದುವೆಯೊಂದಕ್ಕೆ ಮೂರು ಸಾವಿರ ಕ್ಲಿಕ್ ಮಾಡುವವನಿಗೆ ಹತ್ತು ಯಾವ ಲೆಕ್ಕ ಅಂದುಕೊಂಡೆ. ಆದರೆ ಆ ಹತ್ತನ್ನೂ ಒಟ್ಟಿಗೆ ಜೋಡಿಸಿ ನೋಡುತ್ತಾರೆ, ಯಾವುದರ ಪಕ್ಕ ಯಾವುದು ಅನ್ನೋದನ್ನೂ ನಾವೇ ಹೇಳಬೇಕು. ನಾನು ಆರು ಮದುವೆ, ಒಂದು ಮಿಂಚುಳ್ಳಿ, ಎರಡು ಜಾತ್ರೆ, ನಮ್ಮೂರ ಈಶ್ವರ ದೇವಸ್ಥಾನದ ನಕ್ಷತ್ರದಾಕಾರದ ಮಂಟಪ ಒಂದು, ಹೀಗೆ ನನಗೆ ಇಷ್ಟವಾದದ್ದನ್ನೆಲ್ಲ ತುಂಬಿಸಿ ಕಳಿಸಿದೆ. ಫೇಲಾದೆ. ತಪ್ಪು ನನ್ನದೇ. ಅವರ ಅಭಿಪ್ರಾಯದಲ್ಲಿದ್ದ ಒಂದು ಮಾತು ಮಾತ್ರ ತಲೆಯಿಂದ ಹೋಗಲಿಲ್ಲ: ಬೆಳಕು ಜಾಸ್ತಿಯಾಗಿ ಬಿಳಿ ಬಟ್ಟೆ ಸುಟ್ಟುಹೋಗಿದೆ, ಒಳಗೆ ಏನೂ ಕಾಣುತ್ತಿಲ್ಲ ಅಂತ.

ಆವತ್ತು ರಾತ್ರಿ ಹಳೇ ಆಲ್ಬಂ ತೆಗೆದು ಕೂತೆ. ನಿಜ. ಇಪ್ಪತ್ತು ವರ್ಷದ ಅಷ್ಟೂ ಮದುಮಗಂದಿರ ಪಂಚೆ ಬರೀ ಬಿಳಿ ತೇಪೆ. ನೂಲಿಲ್ಲ, ಮಡಿಕೆ ಇಲ್ಲ. ಹೆಣ್ಣಿನ ಕಡುಗೆಂಪು ಸೀರೆ ಚೆನ್ನಾಗಿ ಬರಲಿ ಅಂತ ಫ್ಲಾಶ್ ಜಾಸ್ತಿ ಹೊಡೆದು ಗಂಡಿನ ಪಂಚೆ ಸುಡುತ್ತಿದ್ದೆ. ಗಿರಾಕಿಗಳು ಯಾರೂ ಹೇಳಿರಲಿಲ್ಲ, ಅವರಿಗೆ ಮುಖ ಬೆಳ್ಳಗೆ ಬಂದರೆ ಸಾಕು. ಈಗ ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಕಡಿಮೆ ಇಟ್ಟು, ಕ್ಯಾಮೆರಾ ಹಿಡಿದ ವಿವರವೆಲ್ಲ ಹಾಗೇ ಉಳಿಯುವ ರಾ ಫೈಲಿನಲ್ಲಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ನೆರಳಿನ ಭಾಗವನ್ನು ಬೆಳಗಿಸುತ್ತೇನೆ. ಜರಿ ಅಂಚಿನ ಎಳೆ ಕೂಡ ಕಾಣುತ್ತದೆ. ಎರಡನೇ ಸಲಕ್ಕೆ ಪಾಸಾದೆ, ಅದಿರಲಿ. ಫೇಲಾದಾಗಲೇ ನನಗೆ ಜಾಸ್ತಿ ಲಾಭ ಆಗಿದ್ದು.

ಆದರೆ ಆ ದಾರಿ ಎಲ್ಲರಿಗೂ ಅಲ್ಲ. ಫೀಸು ಪೌಂಡಿನಲ್ಲಿ, ವ್ಯವಹಾರ ಎಲ್ಲಾ ಇಂಗ್ಲಿಷಿನಲ್ಲಿ, ಅದೂ ಅಲ್ಲದೆ ಆ ನಾಲ್ಕಕ್ಷರ ತೋರಿಸಿದರೆ ನಮ್ಮೂರ ಬ್ಯಾಂಕ್ ಮ್ಯಾನೇಜರು ಇದೇನು ಡಾಕ್ಟರ್ ಡಿಗ್ರಿನಾ ಅಂತಾರೆ. ಒಂದು ಒಳ್ಳೇ ಕ್ಯಾಮೆರಾ ಬಾಡಿ, ಎರಡು ಲೆನ್ಸ್ ಅಂದರೆ ಈಗ ಲಕ್ಷಗಳ ಮಾತು. ಸಾಲಕ್ಕೆ ಹೋದರೆ ಸರ್ಟಿಫಿಕೇಟ್ ಕೇಳುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಕಸುಬುದಾರರಿಗೆ ಸಾಲ ಕೊಡುವ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಶುರುವಾದಾಗ ನಾವೂ ಆಸೆಯಿಂದ ಪಟ್ಟಿ ನೋಡಿದೆವು. ಹದಿನೆಂಟು ಕಸುಬು. ದರ್ಜಿ, ಕ್ಷೌರಿಕ, ಹೂ ಕಟ್ಟುವವರು ಇದ್ದಾರೆ, ಇರಲೇಬೇಕು. ಮದುವೆ ಮನೆಗೆ ಅವರ ಜೊತೆಗೇ ಹೋಗುವ ನಾವು ಮಾತ್ರ ಇಲ್ಲ.

ಹಾಗಂತ ಲೈಸೆನ್ಸ್ ಮಾಡಿ ಅಂತ ನಾನು ಕೇಳುತ್ತಿಲ್ಲ. ಜರ್ಮನಿಯಲ್ಲಿ ಹಾಗಿತ್ತಂತೆ, ಸ್ವಂತ ಸ್ಟುಡಿಯೋ ಹಾಕಬೇಕಾದರೆ ಸಾಮಾನ್ಯವಾಗಿ ಮಾಸ್ಟರ್ ಪರೀಕ್ಷೆ ಪಾಸಾಗಬೇಕಿತ್ತು, 2004ರಲ್ಲಿ ಅವರೇ ತೆಗೆದುಹಾಕಿದರು. ಇಲ್ಲಿ ಅದು ಬಂದರೆ ಮೊಬೈಲಿನಿಂದ ಶುರು ಮಾಡಿ ಮೇಲೆ ಬರುವ ಹಳ್ಳಿ ಹುಡುಗರಿಗೆ ಬಾಗಿಲು ಮುಚ್ಚಿದ ಹಾಗೆ. ಬೇಕಾದವರು ಬರೆಯಲಿ, ಬೇಡದವರು ಬಿಡಲಿ. ಆದರೆ ಕೊಡುವ ಸರ್ಟಿಫಿಕೇಟಿಗೆ ತೂಕ ಇರಲಿ. ಅಮೆರಿಕದ ವೃತ್ತಿಪರ ಫೋಟೋಗ್ರಾಫರ್‌ಗಳ ಸಂಘ ಪಿಪಿಎ ಕೂಡ ಲಿಖಿತ ಪರೀಕ್ಷೆ ಒಂದರಿಂದಲೇ ಬಿಡುವುದಿಲ್ಲ, ಫೋಟೋಗಳನ್ನೂ ತರಿಸಿಕೊಂಡು ನೋಡುತ್ತದೆ.

ನಮಗೆ ಇದು ಹೊಸದೇನೂ ಅಲ್ಲ ನೋಡಿ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣಕ್ಕೆ ಡಿಪ್ಲೊಮಾ ಇತ್ತು. ಸಿನಿಮಾ ಛಾಯಾಗ್ರಾಹಕ ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತು ಬೊಂಬಾಯಿಗೆ ಹೋದವರು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ಅಷ್ಟು ಹಿಂದೆಯೇ ಕ್ಯಾಮೆರಾ ಕೈಗೆ ಕೊಟ್ಟು ಕಲಿಸಿದ ನಾಡಲ್ಲಿ ಈಗ ಟ್ಯಾಬ್ ಒತ್ತಿಸಿ ಕಳಿಸುತ್ತಾರೆ.

ಪರೀಕ್ಷೆ ಹೇಗಿರಬೇಕು ಅಂತ ಕೇಳಿದರೆ ನನ್ನ ಉತ್ತರ ಸುಲಭ. ಯಾವುದಾದರೂ ಕಲ್ಯಾಣ ಮಂಟಪಕ್ಕೆ ಕರೆದುಕೊಂಡು ಹೋಗಿ. ಡೆಕೋರೇಷನ್‌ನವರು ಹಾಕಿದ ಗುಲಾಬಿ, ನೀಲಿ ಎಲ್ಇಡಿ ಉರಿಯುತ್ತಿರಲಿ, ಅದರ ಕೆಳಗೆ ಮನುಷ್ಯರ ಮೈಬಣ್ಣ ಮನುಷ್ಯರದ್ದೇ ಆಗಿ ಬರಬೇಕು. ಎದುರಿಗೆ ಹೋಮದ ಹೊಗೆ. ಗಟ್ಟಿಮೇಳ ಶುರುವಾದರೆ ಇರೋದು ಹತ್ತು ಸೆಕೆಂಡ್, ಅಷ್ಟರಲ್ಲಿ ಸೋದರಮಾವನ ಮೊಬೈಲು ಅಡ್ಡ ಬರುತ್ತದೆ, ಅಕ್ಷತೆ ಲೆನ್ಸಿಗೆ ಬಡಿಯುತ್ತದೆ, ತಾಳಿ ಕಾಣಬೇಕು, ಹುಡುಗಿಯ ಕಣ್ಣೂ ಕಾಣಬೇಕು. "ಇನ್ನೊಂದ್ಸಲ ಕಟ್ಟಿ" ಅನ್ನೋಕಾಗುತ್ತಾ? ಇದರ ಜೊತೆಗೆ ಹಿಂದಿನ ಕೆಲಸದಿಂದ ಇಪ್ಪತ್ತು ಫೋಟೋ ತರಿಸಿಕೊಳ್ಳಿ, ಎಡಿಟ್ ಮಾಡದ ಫೈಲ್ ಸಮೇತ, ಆಗ ಬೇರೆಯವರ ಫೋಟೋ ತಂದವನೂ ಸಿಕ್ಕಿಬೀಳುತ್ತಾನೆ. ನೋಡೋಕೆ ಇಬ್ಬರು ಹಳೇ ಫೋಟೋಗ್ರಾಫರ್‌ಗಳು ಕೂತರೆ ಸಾಕು. ಮುಖ್ಯವಾಗಿ, ಯಾಕೆ ಫೇಲು ಅನ್ನೋದನ್ನು ನಾಲ್ಕು ಸಾಲಿನಲ್ಲಿ ಬರೆದುಕೊಡಲಿ.

ಬರವಣಿಗೆ ಪರೀಕ್ಷೆ ಇರಲಿ, ಬೇಡ ಅನ್ನಲ್ಲ, ಕನ್ನಡದಲ್ಲಿರಲಿ. ಅಪರ್ಚರ್, ಶಟರ್, ಐಎಸ್ಒ ಅಂತಲೇ ಬರೆಯಲಿ, ಅವೆಲ್ಲ ನಮ್ಮ ಮಾತೇ. ಪ್ರಶ್ನೆ ಮಾತ್ರ ಅರ್ಥವಾಗುವ ಹಾಗಿರಲಿ. ಕೌಶಲ ಇಲಾಖೆಯವರು ಇದನ್ನು ಓದಿ ಮನಸ್ಸು ಮಾಡಿದರೆ ಪ್ರಶ್ನೆಗಳನ್ನು ಕನ್ನಡಕ್ಕೆ ಮಾಡಿಕೊಡೋಕೆ ನಾನು ತಯಾರು, ದುಡ್ಡು ಬೇಡ. ಒಂದೇ ಬೇಡಿಕೆ, ಪರೀಕ್ಷೆಯನ್ನು ಆಷಾಢದಲ್ಲಿ ಇಡಿ. ಆಗ ನಾವೆಲ್ಲ ಖಾಲಿ ಇರುತ್ತೇವೆ. ಅಣ್ಣನನ್ನೂ ನಾನೇ ಬೈಕಲ್ಲಿ ಕೂರಿಸಿಕೊಂಡು ಬರುತ್ತೇನೆ.

ಇಂತಿ,
ಒಬ್ಬ ಸ್ಟುಡಿಯೋ ಮಾಲೀಕ, ಅರಸೀಕೆರೆ