ಡಬ್ಬದ ಮೇಲೆ ಇನ್ನೂ ನಾಲ್ಕು ಸಾಲು ಬರೆಯಿರಿ

ಮಾನ್ಯ ಸಂಪಾದಕರೇ,

ನನ್ನ ಪಿಕಪ್ಪಿಗೆ ಈಗ 24 ವರ್ಷ. ಅಪ್ಪ ಕೊಂಡ ಗಾಡಿ. ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ನರ್ಸರಿಯ ಸಸಿ, ಮಣ್ಣು, ಕುಂಡ ಎಲ್ಲ ಹೊರುವುದು ಅದೇ. ಈಚೆಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ದೀಪ ಹತ್ತಿಕೊಂಡಿತು. ಸ್ಕ್ಯಾನರ್ ಹಾಕಿದರೆ ಪಿ0155 ಅಂತ ಕೋಡ್ ಬಂತು. ಆಕ್ಸಿಜನ್ ಸೆನ್ಸರಿನ ಹೀಟರ್ ಲೈನಿನಲ್ಲಿ ತೊಂದರೆ ಇದೆ ಎಂದು ಅದರ ಅರ್ಥ. ಫ್ಯೂಸ್ ನೋಡಿದೆವು, ಸರಿಯಾಗಿತ್ತು. ಸೆನ್ಸರ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಸರಿಯಾದ ಸೆನ್ಸರ್ ಹುಡುಕುವುದಕ್ಕೆ ನನಗೆ ಐದು ವಾರ ಬೇಕಾಯಿತು. ಅದಕ್ಕೇ ಈ ಪತ್ರ.

ಈ ಸೆನ್ಸರ್ ಹೊಗೆ ಪೈಪಿನೊಳಗೆ ಮೂತಿ ಇಟ್ಟು ಕೂತಿರುತ್ತದೆ. ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿ, ಸುಮಾರು 0.1ರಿಂದ 0.9 ವೋಲ್ಟ್‌ವರೆಗಿನ ಸಿಗ್ನಲ್ಲನ್ನು ಎಂಜಿನ್ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರ್ ಅದನ್ನು ನಂಬಿಯೇ ಪೆಟ್ರೋಲ್ ಅಳೆದು ಹಾಕುವುದು. ಸುಮಾರು 300 ಡಿಗ್ರಿ ಬಿಸಿಯಾಗದಿದ್ದರೆ ಸೆನ್ಸರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಅದಕ್ಕೇ ಒಳಗೊಂದು ಹೀಟರ್. ಹೀಟರ್ ಹೋದರೂ ಗಾಡಿ ಓಡುತ್ತದೆ, ಆದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ.

ಮೊದಲ ಎಡವಟ್ಟು ಗ್ಯಾರೇಜಿನಲ್ಲೇ ಆಯಿತು. ಪಿ0155 ಅಂದರೆ ಬ್ಯಾಂಕ್ 2 (ಸಿಲಿಂಡರುಗಳ ಎರಡನೇ ಸಾಲು), ಸೆನ್ಸರ್ 1. ಮೆಕ್ಯಾನಿಕ್ "ಬ್ಯಾಂಕ್ ಎರಡು ಅಂದ್ರೆ ಎಡಗಡೆ ಮೇಡಂ" ಎಂದು ಎಡಗಡೆಯದನ್ನೇ ಬಿಚ್ಚಿದರು. ನನಗೆ ಯಾಕೋ ಸಮಾಧಾನ ಆಗಲಿಲ್ಲ. ಬಿಚ್ಚಿದ ಸೆನ್ಸರಿನ ಎರಡು ಹೀಟರ್ ವೈರುಗಳಿಗೆ ಮಲ್ಟಿಮೀಟರ್ ಹಿಡಿದು ನೋಡಿ ಎಂದೆ. 6 ಓಮ್ ತೋರಿಸಿತು. ಅಂದರೆ ಅದು ಚೆನ್ನಾಗಿಯೇ ಇತ್ತು! ಬಲಗಡೆಯ ಸೆನ್ಸರಿಗೆ ಹಿಡಿದರೆ ಮೀಟರ್ ಏನೂ ತೋರಿಸಲಿಲ್ಲ. ಹೀಟರ್ ಸುಟ್ಟುಹೋಗಿದ್ದು ಅದರದ್ದು. ಒಂದನೇ ಸಿಲಿಂಡರ್ ಯಾವ ಸಾಲಿನಲ್ಲಿದೆಯೋ ಅದು ಬ್ಯಾಂಕ್ 1. ಅದು ಎಡವೋ ಬಲವೋ ಎನ್ನುವುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಸೆನ್ಸರ್ 1 ಅಂದರೆ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರುವುದು, 2 ಅಂದರೆ ಆಮೇಲಿನದು. ಇಷ್ಟು ಗೊತ್ತಿಲ್ಲದೆ ಎಷ್ಟು ಜನ ಒಳ್ಳೆಯ ಸೆನ್ಸರ್ ಎಸೆದಿದ್ದಾರೋ.

ಆಮೇಲೆ ಅಂಗಡಿ ಸುತ್ತಾಟ. ಎಲ್ಲ ಕಡೆ ಒಂದೇ ಪ್ರಶ್ನೆ, "ಯಾವ ವರ್ಷದ ಗಾಡಿ?" ವರ್ಷ ಹೇಳಿದ ಕೂಡಲೇ ಒಂದು ಡಬ್ಬ ಕೈಗೆ ಬರುತ್ತದೆ. ಮೊದಲು ತಂದ ಸೆನ್ಸರ್ ತೂತಿಗೆ ಸಲೀಸಾಗಿ ಕೂತಿತು. ಅದೊಂದು ದೊಡ್ಡ ವಿಷಯವೇ ಅಲ್ಲ, ಹೆಚ್ಚಿನ ಸೆನ್ಸರ್‌ಗಳ ತ್ರೆಡ್ 18 ಮಿಲಿಮೀಟರಿನದೇ. ಆದರೆ ಕಪ್ಲರ್, ಅಂದರೆ ವೈರಿನ ತುದಿಯ ಪ್ಲಗ್, ಸೇರಲಿಲ್ಲ. ನನ್ನ ಗಾಡಿಯ ಕಪ್ಲರಿನಲ್ಲಿ ಏಣು ಮೇಲಿದೆ, ಅದರಲ್ಲಿ ಪಕ್ಕಕ್ಕಿತ್ತು. ಎರಡನೆಯದರಲ್ಲಿ ಕಪ್ಲರ್ ಕ್ಲಿಕ್ ಎಂದು ಸೇರಿತು, ವೈರ್ ಒಂದು ಗೇಣು ಗಿಡ್ಡ. ಹೊಗೆ ಪೈಪಿನ ಪಕ್ಕದಲ್ಲೇ ಬಿಗಿಯಾಗಿ ನಿಂತಿತು. "ಎಳೆದು ಕಟ್ಟೋಣ" ಎಂದರು. ಬೇಡ ಎಂದೆ. ಎಂಜಿನ್ ಅಲುಗಾಡಿದರೆ ವೈರ್ ಕಿತ್ತು ಬರುತ್ತದೆ, ಇಲ್ಲವೇ ಪೈಪಿಗೆ ತಾಗಿ ಕರಗುತ್ತದೆ ಅಲ್ವಾ?

ಮೂರನೆಯದು ಎಲ್ಲ ಗಾಡಿಗೂ ಆಗುತ್ತದೆ ಎಂದು ಮಾರುವ ಯೂನಿವರ್ಸಲ್ ಸೆನ್ಸರ್. ಹಳೇ ಕಪ್ಲರ್ ಕತ್ತರಿಸಿ ನಾಲ್ಕು ವೈರ್ ಜೋಡಿಸಬೇಕು. ಇಲ್ಲಿ ಓದುಗರು ದಯವಿಟ್ಟು ಹುಷಾರಾಗಿರಬೇಕು. ಬಾಷ್ ಕಂಪನಿಯ ಮಾದರಿಯಲ್ಲಿ ಸಾಮಾನ್ಯವಾಗಿ ಎರಡು ಬಿಳಿ ವೈರ್ ಹೀಟರಿನವು, ಕಪ್ಪು ಸಿಗ್ನಲ್, ಬೂದು ಅರ್ಥ್. ಡೆನ್ಸೊ ಕಂಪನಿಯ ಮಾದರಿಯಲ್ಲಿ ಎರಡು ಕಪ್ಪು ವೈರ್ ಹೀಟರಿನವು, ನೀಲಿ ಸಿಗ್ನಲ್, ಬಿಳಿ ಅರ್ಥ್. ಬಣ್ಣ ನೋಡಿ ಕಪ್ಪಿಗೆ ಕಪ್ಪು ಎಂದು ಸೇರಿಸಿದರೆ ಹೀಟರಿನ 12 ವೋಲ್ಟ್ ಸೀದಾ ಕಂಪ್ಯೂಟರಿನ ಸಿಗ್ನಲ್ ಲೈನಿಗೆ ಹೋಗಬಹುದು. ನನಗೆ ಸಿಕ್ಕ ಡಬ್ಬದಲ್ಲಿ ಯಾವ ಬಣ್ಣ ಯಾವುದಕ್ಕೆ ಎನ್ನುವ ಚೀಟಿಯೇ ಇರಲಿಲ್ಲ. ಬೆಸುಗೆ ಹಾಕೋಣ ಎಂದರು, ಅದೂ ಸರಿಯಲ್ಲ. ಎಷ್ಟೋ ಸೆನ್ಸರ್‌ಗಳು ವೈರಿನ ಎಳೆಗಳ ಸಂದಿನಿಂದಲೇ ಹೊರಗಿನ ಗಾಳಿ ಎಳೆದುಕೊಳ್ಳುತ್ತವೆ. ಬೆಸುಗೆ ಆ ದಾರಿಯನ್ನು ಮುಚ್ಚಿಬಿಡುತ್ತದೆ. ಅದನ್ನು ವಾಪಸ್ ಕೊಟ್ಟೆ. ಆಗಲೇ ಒಬ್ಬರು "ಗಾಡಿ ಮಾರಿಬಿಡಿ ಮೇಡಂ" ಎಂದಿದ್ದು. ಹೆಬ್ಬೆರಳಿನಷ್ಟು ಪಾರ್ಟಿಗಾಗಿ ಚೆನ್ನಾಗಿ ಓಡುವ ಗಾಡಿಯನ್ನೇ ಮಾರುವುದೇ?

ಕೊನೆಗೆ ದಾರಿ ತೋರಿಸಿದ್ದು ಕೆಟ್ಟ ಸೆನ್ಸರೇ. ಅದರ ಲೋಹದ ಕೊರಳಿನ ಮೇಲೆ ಏನೋ ಕೊರೆದಿತ್ತು, ಮಸಿ ಮೆತ್ತಿ ಕಾಣುತ್ತಿರಲಿಲ್ಲ. ಬಟ್ಟೆಯಿಂದ ಉಜ್ಜಿ, ಮೇಲೆ ಸೀಮೆಸುಣ್ಣ ತಿಕ್ಕಿ ಒರೆಸಿದೆ. ಗೀರುಗಳಲ್ಲಿ ಸುಣ್ಣ ಉಳಿದು ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬಂದವು. ಆ ನಂಬರಿನ ಪಾರ್ಟ್ ಈಗ ತಯಾರಾಗುತ್ತಿಲ್ಲ. ಆದರೆ ಚಾಸಿಸ್ ನಂಬರ್ ಹಾಕಿ ಗಾಡಿ ಕಂಪನಿಯ ಪಾರ್ಟ್ಸ್ ಪಟ್ಟಿ ನೋಡಿದಾಗ ಅದರ ಜಾಗಕ್ಕೆ ಬಂದ ಹೊಸ ನಂಬರ್ ಸಿಕ್ಕಿತು. ಕಾರಣವೂ ತಿಳಿಯಿತು. ನನ್ನ ಗಾಡಿ ತಯಾರಾದ ವರ್ಷದ ಜೂನ್‌ನಲ್ಲೇ ಕಪ್ಲರ್ ಬದಲಾಗಿತ್ತು. ಬಾಗಿಲ ಪಕ್ಕದ ತಗಡಿನಲ್ಲಿ ನನ್ನ ಗಾಡಿ ತಯಾರಾಗಿದ್ದು ಆಗಸ್ಟ್ ಎಂದಿದೆ. ವರ್ಷ ಒಂದೇ, ಸೆನ್ಸರ್ ಎರಡು. ಹೊಸ ನಂಬರಿನದು ಬಂದು ಕೂತ ಮೇಲೆ ದೀಪ ಮತ್ತೆ ಹತ್ತಿಲ್ಲ.

ಪಾರ್ಟ್ ತಯಾರಿಸುವವರನ್ನು ನಾನು ಕೇಳುವುದು ಇಷ್ಟೇ. ಡಬ್ಬದ ಮೇಲೆ ವೈರಿನ ಉದ್ದ, ಕಪ್ಲರಿನ ಚಿತ್ರ, ಯಾವ ಬ್ಯಾಂಕಿನ ಯಾವ ಜಾಗ, ಯಾವ ಹಳೇ ನಂಬರಿನ ಬದಲಿಗೆ ಎಂದು ಅಚ್ಚು ಹಾಕಿ. ಯೂನಿವರ್ಸಲ್ ಆದರೆ ವೈರ್ ಬಣ್ಣಗಳ ಚೀಟಿ ಒಳಗಿರಲೇಬೇಕು. ಅಂಗಡಿಯವರು ವರ್ಷದ ಜೊತೆ ಚಾಸಿಸ್ ನಂಬರನ್ನೂ ಕೇಳಲಿ. ಎಲೆಕ್ಟ್ರಿಕ್ ಪಾರ್ಟ್ ವಾಪಸ್ ತಗೊಳ್ಳಲ್ಲ ಎನ್ನುವುದಾದರೆ, ಕೊಳ್ಳುವ ಮುಂಚೆ ಹಳೆಯದನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಲು ಬಿಡಲಿ. ನಿಮ್ಮ ಪತ್ರಿಕೆಯೂ ಹೊಸ ಗಾಡಿಗಳ ಬಗ್ಗೆ ಬರೆಯುವ ಪುಟದಲ್ಲಿ ಹಳೇ ಗಾಡಿ ಇಟ್ಟುಕೊಂಡವರಿಗೂ ಒಂದು ಮೂಲೆ ಕೊಡಲಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲು ತಂದ ಸೆನ್ಸರ್ ಡಬ್ಬದಲ್ಲೇ ಹೊಸದಾಗಿ ಉಳಿದಿದೆ. ಏಣು ಪಕ್ಕಕ್ಕಿರುವ ಕಪ್ಲರ್, ನಾಲ್ಕು ವೈರ್. ಅಂಥದ್ದೇ ಹುಡುಕುತ್ತಿರುವವರು ಸಂಪಾದಕರಿಗೆ ಬರೆದರೆ ಅವರಿಗೆ ಸುಮ್ನೆ ಕೊಡುತ್ತೇನೆ.

– ನರ್ಸರಿ ನಡೆಸುವ ಓದುಗಳು