ಝನ್ಸ್ಕಾರ್ ಹೊಳೇಲಿ ನನ್ನ ಎಳ್ಕೊಂಡವರಿಗೆ

ಎಲ್ಲರಿಗೂ ನಮಸ್ಕಾರ. ಮಂಡ್ಯಕ್ಕೆ ಬಂದು ನಾಲ್ಕು ದಿನ ಆಯ್ತು, ಭುಜದ ನೋವು ಈಗ ಪರವಾಗಿಲ್ಲ. ಲೇಹ್ ಏರ್‌ಪೋರ್ಟಲ್ಲಿ ಗಂಟಲು ಕಟ್ಟಿ ಯಾರಿಗೂ ಏನೂ ಹೇಳಕ್ಕಾಗ್ಲಿಲ್ಲ, ಅದಕ್ಕೇ ಇಲ್ಲಿ ಬರೀತಿದೀನಿ.

ನಾನು ವಿ.ಸಿ. ನಾಲೇಲಿ ಈಜು ಕಲಿತವನು, ನೀರಂದ್ರೆ ಭಯ ಇರ್ಲಿಲ್ಲ. ನಾವು ರಾಫ್ಟಲ್ಲಿ, ಅಂದ್ರೆ ಗಾಳಿ ತುಂಬಿದ ರಬ್ಬರ್ ದೋಣೀಲಿ, ಹೋದ ಲಡಾಖಿನ ಝನ್ಸ್ಕಾರ್ ಹೊಳೆ ನೀರೇ ಬೇರೆ. ಹಿಮ ಕರಗಿ ಬರೋದು, ಸಿಮೆಂಟ್ ಕದಡಿದಂಗೆ ಬೂದಿ ಬಣ್ಣ, ಬಿಸಿಲು ಏರ್ತಾ ಏರ್ತಾ ಮಧ್ಯಾಹ್ನದ ಮೇಲೆ ಹೊಳೇನೂ ಏರುತ್ತೆ. ಎರಡನೇ ದಿನ ಒಂದು ಅಲೆಗೆ ರಾಫ್ಟ್ ಒಂದು ಮಗ್ಗುಲಿಗೆ ಎದ್ದಿದ್ದಷ್ಟೇ ಗೊತ್ತು, ನಾನು ನೀರಲ್ಲಿದ್ದೆ. ಮೈ ಬೆಚ್ಚಗಿಡೋ ವೆಟ್‌ಸೂಟ್ ಇದ್ರೂ ಆ ಚಳಿಗೆ ಎದೆ ಹಿಡ್ಕೊಂಡು ಉಸಿರು ಒಳಕ್ಕೇ ಹೋಗ್ಲಿಲ್ಲ. ಗೈಡ್ 'ಪೈರ್ ಊಪರ್', ಕಾಲು ಮೇಲೆ, ಅಂತ ಕೂಗಿದ್ದು ಕೇಳಿಸ್ತು, ಅಂಗಾತ ತಿರುಗಿ ಕಾಲು ಮುಂದೆ ಮಾಡ್ಕೊಂಡೆ, ಅಷ್ಟರಲ್ಲಿ ಹಗ್ಗ ಬಂದು ಎದೆ ಮೇಲೆ ಬಿತ್ತು. ಹಗ್ಗ ಕೈಗೆ ಸುತ್ಕೋಬೇಡಿ, ಎದೆಗೆ ಅವುಚ್ಕೊಳ್ಳಿ ಅಂತ ಬೆಳಿಗ್ಗೆ ಮೂರು ಸಲ ಹೇಳಿದ್ನಲ್ಲ ಆ ಗೈಡ್ ಹುಡುಗ, ಅದೇ ಉಳಿಸಿದ್ದು. ಲೈಫ್ ಜಾಕೆಟ್‌ನ ಎರಡು ಭುಜದ ಪಟ್ಟಿ ಹಿಡಿದು ನನ್ನ ಒಳಕ್ಕೆ ಎಳೆದಾಗ ಅವನ ಬೆರಳ ಗೆಣ್ಣೆಲ್ಲಾ ಬೆಳ್ಳಗಾಗಿತ್ತು. ನನ್ನ ಮಗನಿಗಿಂತ ಚಿಕ್ಕವನು.

ಆ ರಾತ್ರಿ ಟೆಂಟಲ್ಲಿ ನಡುಕ ನಿಲ್ಲೋವರೆಗೂ ಕೂತು ಬಿಸಿನೀರು ಕುಡಿಸಿದ ಮೈಸೂರಿನ ಡಾಕ್ಟರಮ್ಮನಿಗೆ, ಬೆಳಿಗ್ಗೆ ನಾನು ಹತ್ತಲ್ಲ ಅಂದ್ರೂ ಬೈಯದೆ, ಬಲವಂತ ಮಾಡದೆ, ಸುಮ್ನೆ ಪಕ್ಕದಲ್ಲಿ ಪ್ಯಾಡಲ್ ಹಿಡ್ಕೊಂಡು ಕೂತ ನಮ್ಮ ಮೇಷ್ಟ್ರಿಗೆ ಕೈ ಮುಗೀತೀನಿ. ನಿಮ್ಮೂ ಅನ್ನೋ ಊರಿನ ಹತ್ರ ಝನ್ಸ್ಕಾರ್ ಸಿಂಧೂ ನದಿಗೆ ಸೇರೋ ಕಡೆ ಎರಡು ಬಣ್ಣದ ನೀರು ನೋಡಿದ್ದು ಮೇಷ್ಟ್ರೇ, ನಿಮ್ಮಿಂದ.

ಇನ್ನೂ ಒಬ್ಬರು ಇದಾರೆ. ಫುಗ್ತಾಲ್ ಗೊಂಪಾಕ್ಕೆ, ಅಂದ್ರೆ ಅಲ್ಲಿನ ಬೌದ್ಧ ಮಠಕ್ಕೆ, ನಡೀವಾಗ ನಮ್ಮ ಸಾಮಾನು ಹೊತ್ತ ಕುದುರೆಗಳ ಯಜಮಾನ್ರು. ನಾನು ಸುಸ್ತಾಗಿ ಕೂತಾಗ ಚೀಲ ಬಿಚ್ಚಿ ಹುರಿದ ಬಾರ್ಲಿ ಹಿಟ್ಟು, ತ್ಸಂಪಾ ಅಂತಾರೆ, ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಮಾಡಿ ಕೈಗಿಟ್ರು. ನಮ್ಮ ಅಕ್ಕ ತಕ್ಷಣ ತನ್ನ ಸ್ಟೀಲ್ ಡಬ್ಬಿ ತೆಗೆದು ರಾಗಿ ಹುರಿಹಿಟ್ಟು ಬೆಲ್ಲ ಅವರಿಗೆ ಕೊಟ್ಳು. ಇಬ್ಬರಿಗೂ ಭಾಷೆ ಬರಲ್ಲ, ಬಾಯಿಗೆ ಹಾಕ್ಕೊಂಡು ಇಬ್ಬರೂ ತಲೆ ಆಡಿಸಿದ್ರು.

ಆರು ತಿಂಗಳು ಭಾನುವಾರ ತಪ್ಪದೆ ಚಾಮುಂಡಿ ಬೆಟ್ಟದ ಮೆಟ್ಲು ಹತ್ತಿಸಿದ ಲೀಡರ್ ಸಾರ್, 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಆ ಎತ್ತರಕ್ಕೆ ಮೈ ಒಗ್ಗಲಿ ಅಂತ ಎರಡು ದಿನ ಸುಮ್ನೆ ಮಲಗ್ಸಿದ್ದಕ್ಕೆ ನಿಮ್ಮ ಮೇಲೆ ರೇಗಿದ್ದೆ, ಕ್ಷಮಿಸಿ. ಒಬ್ಬರಿಗೂ ತಲೆನೋವು ಜಾಸ್ತಿ ಆಗ್ಲಿಲ್ಲ.

ಅಕ್ಕ ಈಗ ಐದು ಕೆಜಿ ರಾಗಿ ಹುರೀತಿದಾಳೆ. ಆ ಯಜಮಾನ್ರ ಅಡ್ರೆಸ್ ಯಾರ ಹತ್ರ ಇದೆ, ಬೇಗ ಕಳಿಸಿ.