ಮೋಲ್ಡ್ ಟೆಸ್ಟ್ ಆಗೋವರೆಗೂ ಪ್ಲಾಸ್ಟರ್ ಬೇಡ

ಪ್ರಾಜೆಕ್ಟ್ ಮ್ಯಾನೇಜರ್ ಸಾರ್‌ಗೆ ನಮಸ್ಕಾರ,

ತುಮಕೂರಲ್ಲಿ ನಿಮ್ಮ ಕಂಪನಿಯವ್ರು ಕಟ್ತಿರೋ ನಮ್ಮ ಮನೆ ಬಗ್ಗೆ ಇದು. ಫೋನ್ ಮಾಡಿದ್ರೆ "ನೋಡ್ತೀವಿ ಮೇಡಂ" ಅಂತ ಇಟ್ಬಿಡ್ತೀರ, ಅದಕ್ಕೆ ಬರವಣಿಗೇಲೇ ಇರ್ಲಿ ಅಂತ ಫೋಟೋ, ವಿಡಿಯೋ ಎಲ್ಲಾ ಸೇರ್ಸಿ ಕಳಿಸ್ತಿದೀನಿ.

ಗ್ರೌಂಡ್ ಫ್ಲೋರ್ ಮೋಲ್ಡಿನ, ಅಂದ್ರೆ ಕಾಂಕ್ರೀಟ್ ಚಾವಣಿಯ, ಸೆಂಟ್ರಿಂಗ್ (ಕೆಳಗೆ ಆಸರೆಗೆ ಕೊಟ್ಟಿದ್ದ ಶೀಟು, ಜಾಕಿ) ಬಿಚ್ಚಿದ್ಮೇಲೆ ಹಾಲಲ್ಲಿ ನಿಂತು ತಲೆ ಎತ್ತಿ ನೋಡಿದ್ರೆ ಕಂಬಿ ಕಾಣ್ತಿದೆ ಸಾರ್. ಅಡುಗೆಮನೆ ಮೂಲೇಲಿ ಒಂದು ಮೊಳ ಉದ್ದಕ್ಕೆ ಸಿಮೆಂಟೇ ಇಳಿದಿಲ್ಲ, ಬರೀ ಜಲ್ಲಿ, ಬೆರಳಲ್ಲಿ ಕೆದಕಿದ್ರೆ ಉದುರತ್ತೆ. ಮೋಲ್ಡ್ ಹಾಕ್ತಿರುವಾಗ ಮಧ್ಯದಲ್ಲಿ ಕಾಂಕ್ರೀಟ್ ಅಲುಗಾಡಿಸಿ ಕೂರಿಸೋ ವೈಬ್ರೇಟರ್ ಕೆಟ್ಟೋಯ್ತು, ಬೇರೆದು ತರಿಸ್ರಿ ಅಂದ್ರೂ ಕೇಳ್ದೆ ಕಂಬಿ ತುಂಡಲ್ಲಿ ಚುಚ್ಕೊಂಡು ಮುಗಿಸಿದ್ರು, ಮಿಕ್ಸರ್‌ಗೆ ನೀರಂತೂ ಅಳತೇನೇ ಇಲ್ದೆ ಬಕೆಟ್ ಬಕೆಟ್ ಸುರಿದ್ರು. ಕಂಬಿ ಕೆಳಗೆ 20 ಎಂಎಂ ಕವರ್ (ಕಂಬಿ ಮುಚ್ಚೋ ಕಾಂಕ್ರೀಟ್) ಇರ್ಬೇಕು ಅಂತ ನಿಮ್ಮ ಡ್ರಾಯಿಂಗಲ್ಲೇ ಇದೆ. ಕಂಬಿನ ಅಷ್ಟು ಎತ್ತರದಲ್ಲಿ ಹಿಡಿಯೋ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿದ್ದನ್ನ ನಮ್ಮೆಜಮಾನ್ರು ಅವತ್ತೇ ಕೇಳಿದ್ರು, "ಎಲ್ಲಾ ಕಡೆ ಹಿಂಗೇ ಸಾರ್" ಅಂದ್ರಂತೆ ನಿಮ್ಮ ಮೇಸ್ತ್ರಿ. ಜನ ಓಡಾಡಿದ ಹೊಡ್ತಕ್ಕೆ ಆ ಚೂರುಗಳು ಜಾರಿ ಕಂಬಿ ಹೋಗಿ ಶೀಟಿಗೇ ಕೂತಿದೆ.

ಇದಕ್ಕಿಂತ ಭಯ ಬಾಲ್ಕನಿದು. ಅದಕ್ಕೆ ಆಚೆ ಕಡೆ ಕಂಬ ಇಲ್ಲ, ಗೋಡೆ ಇಲ್ಲ, ಮೇಲ್ಗಡೆ ಕಂಬಿನೇ ಅದನ್ನ ಎಳೆದು ಹಿಡ್ಕೊಂಡಿರೋದು. ಆ ಕಂಬಿ ಕೆಳಗೆ ಅದನ್ನ ಎತ್ತಿ ಹಿಡಿಯೋ ಚೇರ್ (ಬಗ್ಗಿಸಿದ ಕಂಬಿ ತುಂಡು) ಕೊಟ್ಟಿರ್ಲಿಲ್ಲ, ಬಾಂಡ್ಲಿ ಹೊತ್ತೋರೆಲ್ಲ ಅದರ ಮೇಲೇ ನಡೆದು ತುಳಿದು ಕೆಳಕ್ಕೆ ಇಳಿಸಿದಾರೆ, ವಿಡಿಯೋಲಿ ಸ್ಪಷ್ಟವಾಗಿ ಕಾಣತ್ತೆ. ಮೇಲಿರ್ಬೇಕಾದ ಕಂಬಿ ತಳಕ್ಕೆ ಹೋದ್ರೆ ಇದ್ದೂ ಪ್ರಯೋಜನ ಇಲ್ಲ, ಇದು ನಿಮಗೆ ನಾನು ಹೇಳ್ಕೊಡ್ಬೇಕಾ? ನಾಳೆ ಅಲ್ಲಿ ನಿಲ್ಲೋರು ನಮ್ಮ ಮಕ್ಕಳು ಸಾರ್.

ನಿಮ್ಮ ಸೈಟ್ ಇಂಜಿನಿಯರ್ ಹೇಳೋದು "ಪ್ಲಾಸ್ಟರ್ ಮಾಡಿದ್ರೆ ಎಲ್ಲಾ ಮುಚ್ಚೋಗತ್ತೆ" ಅಂತ. ಮುಚ್ಚೋಗತ್ತೆ, ಸರಿಹೋಗಲ್ಲ. ಒಳಗೆ ತೇವ ಸೇರಿ ಕಂಬಿ ತುಕ್ಕು ಹಿಡಿದು ಉಬ್ಬಿದ್ರೆ ಆ ಪ್ಲಾಸ್ಟರನ್ನೇ ಕಿತ್ತು ಕೆಳಗೆ ಹಾಕತ್ತೆ, ಅಷ್ಟೊತ್ತಿಗೆ ನಿಮ್ಮ ವಾರಂಟಿನೂ ಮುಗಿದಿರತ್ತೆ.

ಅದೇ ಕಾಂಕ್ರೀಟನ್ನ ಕ್ಯೂಬ್ ಅಚ್ಚಿಗೆ ತುಂಬಿಸಿ 28 ದಿನಕ್ಕೆ ಗಟ್ಟಿತನದ ರಿಪೋರ್ಟ್ ಕೊಡ್ತೀವಿ ಅಂದಿದ್ರಿ, ಕ್ಯೂಬೇ ತುಂಬಿಸಿಲ್ಲ ಅಂತ ಈಗ ಗೊತ್ತಾಯ್ತು. ಹಂಗಾಗಿ ಮೋಲ್ಡಿಂದಲೇ ಕೋರ್ (ಕೊರೆದು ತೆಗೆಯೋ ಉರುಳೆ ತುಂಡು) ತೆಗೆಸಿ ಹೊರಗಿನ ಲ್ಯಾಬಲ್ಲಿ ಟೆಸ್ಟ್ ಮಾಡಿಸಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕಮ್ಮಿ ಅಂದ್ರೂ 3 ಕೋರ್ ಬೇಕು, ಆವರೇಜ್ ಒಪ್ಕೊಂಡ ಗ್ರೇಡಿನ ಬಲದ 85 ಪರ್ಸೆಂಟ್ ಬರ್ಬೇಕು, ಯಾವ ಒಂದೂ 75ಕ್ಕಿಂತ ಕೆಳಗೆ ಹೋಗ್ಬಾರ್ದು. ನೀವು ಒಪ್ಕೊಂಡಿರೋದು ಎಂ20 ಗ್ರೇಡ್ ಕಾಂಕ್ರೀಟ್, ಅದೇ ಲೆಕ್ಕದಲ್ಲಿ ನೋಡಿ. ಬಾಲ್ಕನೀಲಿ ಮೇಲಿನ ಕಂಬಿ ಎಷ್ಟು ಆಳದಲ್ಲಿದೆ ಅಂತ ಕಂಬಿ ಪತ್ತೆ ಹಚ್ಚೋ ಮೀಟರ್ ಇಟ್ಟು ಚೆಕ್ ಮಾಡಿಸಿ, ಅಲ್ಲೀವರೆಗೂ ಕೆಳಗೆ ಜಾಕಿ ಮತ್ತೆ ಕೊಟ್ಟಿರಿ. ಫೇಲ್ ಆದ್ರೆ ಒಡೆದು ನಿಮ್ಮ ಖರ್ಚಲ್ಲೇ ಹಾಕ್ಕೊಡ್ಬೇಕು. ಅಡುಗೆಮನೆ ಮೂಲೇನೂ ಸಡಿಲ ಇರೋದೆಲ್ಲ ಕೆತ್ತಿ ಗ್ರೌಟ್ ಮಾಡಿ (ತೆಳು ಸಿಮೆಂಟ್ ಗಾರೆ ಒಳಗೆ ತುಂಬಿ), ಮೇಲ್ಮೇಲೆ ಸಿಮೆಂಟ್ ಹಾಲು ಬಳಿದು ಹೋಗ್ಬೇಡಿ.

ರಿಪೋರ್ಟ್ ಕೈಗೆ ಬರೋವರೆಗೂ ಮೋಲ್ಡಿನ ಕಂತು ರಿಲೀಸ್ ಮಾಡ್ಬೇಡಿ ಅಂತ ಬ್ಯಾಂಕಿಗೂ ಲೆಟರ್ ಕೊಟ್ಟಿದೀವಿ. ಒಂದು ವಾರದೊಳಗೆ ಟೆಸ್ಟ್ ಯಾವತ್ತು ಅಂತ ಬರೆದು ತಿಳಿಸಿ, ಇಲ್ಲಾಂದ್ರೆ ಇದೇ ಫೋಟೋ, ಅಗ್ರಿಮೆಂಟ್ ಇಟ್ಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀವಿ. ಸೋಮವಾರ ಬರ್ತೀವಿ ಅಂದಿರೋ ಪ್ಲಾಸ್ಟರ್‌ನೋರನ್ನ ಕಳಿಸ್ಬೇಡಿ, ಕಳಿಸಿದ್ರೂ ಕೆಲಸ ಶುರು ಮಾಡೋಕೆ ಬಿಡಲ್ಲ.

ಇಂತಿ,
ಮನೆ ಮಾಲೀಕರು